ಮಾಲೀಕರ ಒಪ್ಪಿಗಿ

ಕೇಳ್ರಿಲ್ಲೆ, ಇವತ್ತ ಸವದತ್ತಿಯೊಳಗ ನಮ್ಮ ಕರೆಂಟಿನ ಕಾರ್ ಚಾರ್ಜಿಗೆ ಹಚ್ಚಾಕ ಹೋದ್ರ ಆ್ಯಪ್ ತೆರೀಲಿಲ್ಲ. ಅದು ಹೋದ ತಿಂಗಳ ತೀರಿಕೊಂಡ ನಮ್ಮ ಮನಿಯವರ ಹೆಸರಿನಾಗ ಐತಿ. ಕಂಪನಿಗೆ ಫೋನ್ ಹಚ್ಚಿದೆ.

"ಹೆಸರು ಬದಲಿಸೋಕೆ ಅವರ ಹಳೇ ಫೋನಿನಲ್ಲೇ ಒಪ್ಪಿಗೆ ಒತ್ತಬೇಕು ಮೇಡಂ. ಆ ಫೋನ್ ಎಲ್ಲಿದೆ?" ಅಂದಳು ಅಲ್ಲಿನ ಹುಡುಗಿ.

"ಅವರ ಹತ್ರನ ಐತ್ರಿ. ಕುಂದರಿಸಿ ಮಣ್ಣು ಕೊಡೂ ಮುಂದ ನಮ್ಮತ್ತಿ ವಿಭೂತಿ ಜೋಡಿ ಅದನ್ನೂ ತೊಡಿ ಮ್ಯಾಲೆ ಇಟ್ರು. ಅದನ್ನ ಬಿಟ್ಟು ಒಂದ್ ಗಳಿಗಿ ಇರತಿದ್ದಿಲ್ಲ ನನ್ನ ಮಗ, ಅಂತ."

ಆಕಿ ಅಂದಳು, "ಸಾರಿ ಮೇಡಂ, ಅದಕ್ಕೆ ನಮ್ಮಲ್ಲಿ ದಾರಿ ಇಲ್ಲ."

ಆ್ಯಪಿನಾಗ ಇನ್ನೂ ಅದ ಬರಾಕತ್ತೈತಿ: "ಮಾಲೀಕರು ಸಂಪರ್ಕಕ್ಕೆ ಸಿಗುತ್ತಿಲ್ಲ. ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ."

ತಿಂಗಳಿಂದ ನಾ ಮಾಡಾಕತ್ತಿದ್ದೂ ಅದನ್ನ ಅಲ್ಲೇನ್ರಿ?