ಟಿವಿಯಲ್ಲಿ ಕಂಡ ಅತ್ತೆಯ ಡಬ್ಬ

"ಅಯ್ಯೋ, ಅದು ನನ್ನ ಚಕ್ಲಿ ಡಬ್ಬ ಕಣೇ!" ಎಂದು ನಮ್ಮತ್ತೆ ಸೋಫಾದಿಂದ ಎದ್ದೇಬಿಟ್ಟರು. ಎಂಬತ್ತರ ದಶಕದ ಮಾತು. ಅಮೆರಿಕದ ಓಕ್ಲ್ಯಾಂಡ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿಗೆ ಬೆಳಿಗ್ಗೆ ಪೊಲೀಸರು ನುಗ್ಗಿದ್ದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಸಿಕ್ಕಿದ ಕೊಕೇನ್ ಪೊಟ್ಟಣಗಳನ್ನು ಮೇಜಿನ ಮೇಲೆ ಜೋಡಿಸಿದ್ದರು. ಅವುಗಳ ನಡುವೆ ಫಳಫಳ ಹೊಳೆಯುತ್ತಿತ್ತು, ದೀಪಾವಳಿಗೆ ಅತ್ತೆ ಆ ಮನೆಯವನಿಗೆ ಚಕ್ಕುಲಿ ತುಂಬಿ ಕೊಟ್ಟಿದ್ದ ಸ್ಟೀಲ್ ಡಬ್ಬ!

ಕ್ಯಾಮೆರಾ ಹತ್ತಿರ ಹೋಯಿತು. ಮುಚ್ಚಳದ ಮೇಲೆ ಕನ್ನಡದಲ್ಲಿ ಕೊರೆಸಿದ್ದ 'ಸೌ. ಕಮಲಮ್ಮ, ಮಂಡ್ಯ' ಇಡೀ ಪರದೆ ತುಂಬಿತು. ಇದು ವಿದೇಶಿ ಗ್ಯಾಂಗಿನ ರಹಸ್ಯ ಸಂಕೇತವಿರಬಹುದು ಎಂದು ವರದಿಗಾರ ಬಲು ಗಂಭೀರವಾಗಿ ಹೇಳಿದ.

ತಕ್ಷಣ ಫೋನು ಬಡಿದುಕೊಂಡಿತು. "ರೀ, ನಿಮ್ಮತ್ತೆ ಹೆಸರು ಟಿವೀಲಿ ಬಂತು ಕಣ್ರೀ!" ಎಂದು ಹತ್ತಿರದ ಊರು ಫಾಸ್ಟರ್ ಸಿಟಿಯ ಗೆಳತಿ ಕಿರುಚಿದರು. ನನ್ನ ಗಂಡ ಟಿವಿ ಆರಿಸಿಬಿಟ್ಟರು. ನಮಗಿನ್ನೂ ಗ್ರೀನ್ ಕಾರ್ಡು ಬಂದಿರಲಿಲ್ಲ; ಸುಮ್ಮನಿದ್ದುಬಿಡೋಣ ಎಂದರು. ಅತ್ತೆ ಕೇಳಬೇಕಲ್ಲ! ಅದೇ ಹೆಸರಿನ ಚೊಂಬು, ತಟ್ಟೆ, ಸೌಟುಗಳನ್ನು ಚೀಲಕ್ಕೆ ತುಂಬಿಕೊಂಡು ನಮ್ಮನ್ನು ಪೊಲೀಸ್ ಸ್ಟೇಷನ್ನಿಗೆ ಎಳೆದುಕೊಂಡು ಹೋದರು. ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ಪಾತ್ರೆ ಕಳೆಯಬಾರದೆಂದು ಹೆಸರು ಹಾಕಿಸುವುದು ನಮ್ಮ ಕಡೆಯ ಪದ್ಧತಿ ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಅಧಿಕಾರಿ ಸೌಟನ್ನು ತಿರುಗಿಸಿ ತಿರುಗಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಡಬ್ಬ ಮಾತ್ರ ಕೇಸು ಮುಗಿಯುವ ತನಕ ಸಿಗುವುದಿಲ್ಲ ಎಂದ.

ಮರುದಿನವೂ ಟಿವಿಯಲ್ಲಿ ಆ 'ಸಂಕೇತ'ವನ್ನೇ ತೋರಿಸಿದರು. ಈಗಲೂ ಸುದ್ದಿಯವರು ಏನನ್ನಾದರೂ ನಿಗೂಢ ಎಂದರೆ, ಅದನ್ನು ಓದಬಲ್ಲ ಅತ್ತೆಯೊಬ್ಬರು ಎಲ್ಲೋ ಸೋಫಾದಿಂದ ಏಳುತ್ತಿರಬೇಕು ಅನ್ನಿಸುತ್ತದೆ.