ಅಪ್ಪನ ಜಾಗ, ಮೃಗದ ಕೊರಳ ಕೆಳಗೆ

ಕೊರ್ನೆಲಿಯಾ ಸ್ಕಿಬಾ ಪ್ರತಿ ಜುಲೈನಲ್ಲಿ ನಮ್ಮ ಮನೆಯ ಮೇಲಿನ ಕೋಣೆಗೆ ಬರುತ್ತಾರೆ. ಅವರಿಗೆ ಈಗ ಅರವತ್ತಾರು. ಮಾಯಾಲೋಕದ ಕಾದಂಬರಿ ಬರೆಯುವವರು. ಒಂಬತ್ತು ಪುಸ್ತಕ ಬಂದಿವೆ, ಒಂಬತ್ತರ ಮುಖಪುಟವನ್ನೂ ಅವರೇ ಬಿಡಿಸಿದ್ದಾರೆ. ಎಲ್ಲದರಲ್ಲೂ ಕಡಲಂಚಿನಲ್ಲಿ ಒಂದು ದೊಡ್ಡ ಮೃಗ ಮಲಗಿರುತ್ತದೆ. ಓದುಗರು ಅದನ್ನು ಕಲ್ಪನೆ ಎಂದುಕೊಂಡಿದ್ದಾರೆ. ನಮ್ಮೂರಿನವರಿಗೆ ಮಾತ್ರ ಅದು ನಮ್ಮ ಬಾಲ್ಟಿಕ್ ದಂಡೆಯ, ಗೋಡೆಯಂತೆ ಕಡಿದಾದ ಜೇಡಿಮಣ್ಣಿನ ದರೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಅವರು ಮೊದಲು ದರೆಯನ್ನು ಇದ್ದ ಹಾಗೇ ಪೆನ್ಸಿಲ್ಲಿನಲ್ಲಿ ಬಿಡಿಸುತ್ತಾರೆ. ಹೊರಬಿದ್ದ ಒಂದು ಬೇರೂ ತಪ್ಪಿಹೋಗುವುದಿಲ್ಲ. ಆಮೇಲೆ ಬೇರೆ ಹಾಳೆಯಲ್ಲಿ ಅದಕ್ಕೆ ಕಣ್ಣು, ಕೊರಳು, ಉಗುರು ಬರುತ್ತವೆ. ಒಂಬತ್ತನೇ ವಯಸ್ಸಿನಿಂದ ಹೀಗೇ. ಆಗ ಅವರ ಅಪ್ಪ ವೂಜ್ ನಗರದ ಬಟ್ಟೆ ಗಿರಣಿಯಲ್ಲಿದ್ದರು. ವರ್ಷಕ್ಕೆ ಎರಡು ವಾರ ಇಲ್ಲಿಗೆ ಬರುತ್ತಿದ್ದರು. ಅಪ್ಪ ಬೆಳಿಗ್ಗೆ ಐದಕ್ಕೇ ಎದ್ದು, ದರೆಯ ಬುಡದಲ್ಲಿ ಗಾಳಿ ತಾಗದ ಮೂಲೆಯೊಂದರಲ್ಲಿ ಕೋಲುಗಳಿಗೆ ಬಟ್ಟೆ ಕಟ್ಟಿದ ಗಾಳಿಪರದೆಯನ್ನು ಮರಳಿನಲ್ಲಿ ನೆಟ್ಟು ಬರುತ್ತಿದ್ದರು. ಈ ದಂಡೆಯ ರೂಢಿಯಂತೆ ಒಮ್ಮೆ ನೆಟ್ಟ ಪರದೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಒಳಗೆ ಯಾರೂ ಇಲ್ಲದಿದ್ದರೂ ಸಂಜೆಯವರೆಗೆ ಆ ಜಾಗ ನೆಟ್ಟವರದೇ. ಅಪ್ಪ ತೀರಿಕೊಂಡ ಮೇಲೆ ಕೊರ್ನೆಲಿಯಾರ ತಮ್ಮ ಜೆನೋನ್ ಅದೇ ಮೂಲೆಯಲ್ಲಿ ಅದೇ ಪಟ್ಟೆಪಟ್ಟೆ ಪರದೆ ನೆಡುತ್ತಾ ಬಂದಿದ್ದಾರೆ. ದರೆ ಕುಸಿಯಬಹುದು, ಅಲ್ಲಿ ಕೂರಬಾರದೆಂದು ಊರಾಡಳಿತದವರು ಹಲಗೆ ಹಾಕಿದ್ದಾರೆ. ಜನ ಅದರ ಮೇಲೆ ಟವೆಲ್ ಒಣಹಾಕುತ್ತಾರೆ.

ಈ ಸಲ ಜೆನೋನ್ ಮಗಳನ್ನೂ ಏಳು ವರ್ಷದ ಮೊಮ್ಮಗಳು ಇಗಾಳನ್ನೂ ಕರೆದುಕೊಂಡು ಬಂದರು. ಅವರು ಬಂದ ಸಂಜೆಯೇ ಕೊರ್ನೆಲಿಯಾ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಹೊಗೆಯಾಡಿಸಿದ ಮೀನಿನ ತಟ್ಟೆ ಸರಿಸಿ, ಹಳೆಯ ಚಿತ್ರಪುಸ್ತಕಗಳನ್ನು ಸಾಲಾಗಿ ಹರಡಿದರು.

"ದರೆ ಮೇಲಿನ ಈ ಬರ್ಚ್ ಮರ ನೋಡು ಜೆನೋನ್. ಹತ್ತು ವರ್ಷದ ಹಿಂದೆ ನೆಟ್ಟಗಿತ್ತು. ಇದು ಹೋದ ವರ್ಷದ್ದು. ಇದು ನಿನ್ನೆ ಬಿಡಿಸಿದ್ದು."

"ವಾಲಿದೆ. ನಾನೂ ವಾಲಿದೀನಿ. ವಯಸ್ಸಾಯ್ತಲ್ಲ!"

"ತಮಾಷೆ ಬೇಡ. ಕಣ್ಣಿನ ಕೆಳಗೆ ನೀರು ಜಿನುಗ್ತಿದೆ."

"ಯಾರ ಕಣ್ಣು? ನಿನ್ನ ಮೃಗದ್ದಾ?" ಜೆನೋನ್ ಮೀನಿನ ಮುಳ್ಳು ತೆಗೆಯುತ್ತಾ ನಕ್ಕರು. "ನೋಡೇ ಇಗಾ, ನಿಮ್ಮಜ್ಜಿಯ ಮೃಗ ಅಳ್ತಿದೆಯಂತೆ."

"ಆ ನೀರು ನಾನು ಕಟ್ಟಿದ ಕತೆಯಲ್ಲ ಕಣೋ. ಮಣ್ಣು ಒಳಗಿಂದ ನೆನೆದಿದೆ. ಈ ಮಗೂನ ಅಲ್ಲಿ ಕೂರಿಸಬೇಡ."

"ಅದು ಅಪ್ಪನ ಜಾಗ ಅಕ್ಕಾ. ಐವತ್ತೇಳು ವರ್ಷದಿಂದ ದರೆ ಬಿದ್ದಿಲ್ಲ."

ಜೆನೋನ್ ಎದ್ದು ಮಲಗಲು ಹೋದರು. ಆಮೇಲೆ ನನ್ನ ಅಮ್ಮ ತಟ್ಟೆ ತೊಳೆಯುತ್ತಾ ಕೊರ್ನೆಲಿಯಾರನ್ನು ಕೇಳಿದರು: "ಮೇಡಂ, ನಮ್ಮ ಮನೇದು ನಾಲ್ಕು ಗಾಳಿಪರದೆ ಇದಾವೆ, ಬೇಕಾ?"

ಮರುದಿನ ಜೆನೋನ್ ಐದೂವರೆಗೆ ದಂಡೆಗೆ ಹೋದಾಗ ಆ ಮೂಲೆಯ ಉದ್ದಕ್ಕೂ ನಾಲ್ಕು ಪರದೆಗಳು ನಿಂತಿದ್ದವು. ಯಾರದೆಂದು ತಿಳಿಯದೆ ಬಹಳ ಹೊತ್ತು ನಿಂತರು. ಬೈದರು. ಆದರೆ ಒಂದು ಕೋಲನ್ನೂ ಮುಟ್ಟಲಿಲ್ಲ. ದಂಡೆಗಿಳಿಯುವ ಮೆಟ್ಟಿಲಿನ ಆಚೆ, ಗಾಳಿ ಮುಖಕ್ಕೆ ಮರಳು ಎರಚುವ ಕಡೆ ಇಡೀ ದಿನ ಕೂತರು. ಸಂಜೆ ಆ ನಾಲ್ಕು ಪರದೆಗಳು ನಮ್ಮ ಬೇಲಿಯ ಮೇಲೆ ಒಣಗುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ನೀನಾ?" ಎಂದರು ಅಕ್ಕನಿಗೆ. ದನಿ ಏರಲಿಲ್ಲ. "ಅಪ್ಪನ ಜಾಗಕ್ಕೆ ನೀನೇ ಪರದೆ ಹಾಕಿದ್ಯಾ?"

"ಹೌದು."

"ನಾಳೆ ನಾಲ್ಕಕ್ಕೇ ಹೋಗ್ತೀನಿ."

ಹೇಳಿದಂತೆಯೇ ಹೋದರು. ನಾನು ಮೆಟ್ಟಿಲ ಮೇಲಿಂದ ನೋಡುವಾಗ ಒಂಬತ್ತಾಗಿತ್ತು. ಸಮುದ್ರ ಅಲುಗದೆ ಮಲಗಿತ್ತು. ಪಟ್ಟೆಪಟ್ಟೆ ಪರದೆಯ ಒಳಗೆ ಇಗಾ ಮರಳು ಅಗೆಯುತ್ತಿದ್ದಳು. ಮೇಲಿನ ಬರ್ಚ್ ಮರದ ನೆರಳು ಅವಳ ಬಕೆಟ್ಟಿನ ಮೇಲೆ ಬಿದ್ದಿತ್ತು. ಕೊರ್ನೆಲಿಯಾ ಎಂದೂ ನೀರಿನ ಅಂಚಿನಲ್ಲಿ ದರೆಗೆ ಮುಖ ಮಾಡಿ ಕೂತು ಬಿಡಿಸುವವರು. ಅಂದು ಮಡಚುವ ಕುರ್ಚಿ ಹಿಡಿದು ನೇರ ಪರದೆಯ ಒಳಗೆ ಹೋಗಿ, ದರೆಗೆ ಬೆನ್ನು ಹಾಕಿ ಕೂತರು.

"ಇದೇನು ಹೊಸ ನಾಟಕ?" ಎಂದರು ಜೆನೋನ್.

"ನೀನು ಎದ್ದ ಮೇಲೆ ಏಳ್ತೀನಿ."

"ನಿನಗೆ ಭಯ ಅಲ್ವಾ?"

"ತುಂಬಾ."

ಕೊರ್ನೆಲಿಯಾ ಕುರ್ಚಿಯನ್ನು ಇಗಾಳ ಪಕ್ಕಕ್ಕೆ ಎಳೆದುಕೊಂಡರು. ಒಂದು ಕೈಯಿಂದ ಅದರ ತೋಳು ಹಿಡಿದುಕೊಂಡಿದ್ದರು. ಇನ್ನೊಂದು ಕೈ ಇಗಾಳ ಟೋಪಿಯ ಮೇಲಿತ್ತು. ಜೆನೋನ್ ಪತ್ರಿಕೆ ಬಿಡಿಸಿದರು, ಮಡಚಿದರು. ಹಿಂದೆ ಎಲ್ಲೋ ಹಿಡಿ ಮಣ್ಣು ಸರ್ರನೆ ಜಾರಿದ ಸದ್ದು. ಅಂಥ ಸದ್ದು ಇಲ್ಲಿ ದಿನವೂ ಇರುತ್ತದೆ, ನಾವು ತಿರುಗಿಯೂ ನೋಡುವುದಿಲ್ಲ. ಕೊರ್ನೆಲಿಯಾ ಮಾತ್ರ ಕಣ್ಣು ಮುಚ್ಚಿದರು. ಏಳಲಿಲ್ಲ.

ಜೆನೋನ್ ಅಕ್ಕನ ಮುಖವನ್ನು ನೋಡಿದರು. ಆಮೇಲೆ ಎದ್ದು ಪರದೆಯ ಕೋಲುಗಳನ್ನು ಕಿತ್ತರು.

"ನಡಿಯೇ ಇಗಾ. ನಿಮ್ಮಜ್ಜಿಗೆ ಹುಚ್ಚು. ಆಚೆ ಹೋಗೋಣ."

ದರೆ ಅಂದು ಬೀಳಲಿಲ್ಲ. ಇದನ್ನು ಬರೆಯುವವರೆಗೂ ಬಿದ್ದಿಲ್ಲ. ಜೆನೋನ್ ಪ್ರತಿ ಸಂಜೆ ಮೇಜಿಗೆ ಕೂರುವಾಗ, "ಏನಕ್ಕಾ, ನಿನ್ನ ಮೃಗ ಇವತ್ತೂ ಏಳಲಿಲ್ವಾ?" ಎಂದು ಕೆಣಕುತ್ತಾರೆ. ಕೊರ್ನೆಲಿಯಾ ಪೆನ್ಸಿಲ್ ಚೂಪು ಮಾಡುತ್ತಾರೆ. ಆದರೆ ಬೆಳಿಗ್ಗೆ ಜೆನೋನ್ ಪರದೆ ನೆಡುವಾಗ ನಾನು ಗಮನಿಸಿದ್ದೇನೆ: ಮೊದಲು ತಲೆಯೆತ್ತಿ ದರೆಯನ್ನು ನೋಡುತ್ತಾರೆ, ಆಮೇಲೆ ಹಿಂದಿನ ದಿನಕ್ಕಿಂತ ಇನ್ನಷ್ಟು ಆಚೆ ಸರಿದು ಕೋಲು ಹೊಡೆಯುತ್ತಾರೆ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ.