ಮರಿಯ ಕೊರಳಿನ ಎತ್ತಿನ ಗಂಟೆ

ತುತ್ತೂರಿಯಿಂದ ಧ್ವನಿ ಹೊರಬರುವ ಮೊದಲು ಅಶೋಕಕುಮಾರ ಮಾಸ್ತರರ ಎರಡೂ ಕಣ್ಣುಗಳು ಹೊರಬಂದವು. ಆಮೇಲೆ ಬಂದ ಧ್ವನಿಗೆ ಏನು ಹೆಸರಿಡಬೇಕೆಂದು ಅವರಿಗೇ ತಿಳಿಯಲಿಲ್ಲ. ಎದುರು ಕುಳಿತ ಹತ್ತೊಂಬತ್ತು ಮಕ್ಕಳಲ್ಲಿ ಒಂದು, "ಎಮ್ಮಿ ಈಯಾಕತ್ತದ್ರಿ ಸರ್," ಎಂದು ಸಹಾಯಕ್ಕೆ ಬಂತು.

ಅಷ್ಟಕ್ಕೇ ಮುಗಿದಿದ್ದರೆ ಮಾಸ್ತರರು ಆ ಗುರುವಾರವನ್ನು ಮರೆತುಬಿಡುತ್ತಿದ್ದರು. ಆದರೆ ಅದೇ ಗಳಿಗೆಗೆ ಮುಡಬಿಯ ಜಿಜಾಬಾಯಿ ತನ್ನ ಇಪ್ಪತ್ಮೂರು ಆಡುಗಳನ್ನು ಶಾಲೆಯ ಕಂಪೌಂಡಿನ ಗುಂಟ ಹೊಡೆದುಕೊಂಡು ಹೊರಟಿದ್ದಳು. ಆಡುಗಳಿಗೆ ಸಂಗೀತದ ಬಗ್ಗೆ ಮುಲಾಜಿಲ್ಲ. ಕೆಲವು ಪಕ್ಕದ ತೊಗರಿ ಹೊಲಕ್ಕೆ ನುಗ್ಗಿದವು, ಕೆಲವು ಊರ ಕಡೆ ಓಡಿದವು, ಒಂದು ಮಾತ್ರ ಧೈರ್ಯ ಮಾಡಿ ನೇರ ವರ್ಗದೊಳಗೇ ಬಂದು ಹಾಜರಿ ಪುಸ್ತಕದ ಮೂಲೆಯನ್ನು ಬಾಯಿಗಿಟ್ಟುಕೊಂಡಿತು. ಹತ್ತೊಂಬತ್ತು ಮಕ್ಕಳೂ ಆಡು ಹಿಡಿಯಲು ಹೊರಗೆ ಓಡಿದರು. ಖಾಲಿ ಕೋಣೆಯಲ್ಲಿ ಒಬ್ಬರೇ ನಿಂತು ಪಾಠ ಮಾಡುವುದು ಸರಿಯಲ್ಲವೆಂದು ಮಾಸ್ತರರೂ ಓಡಿದರು. ತುತ್ತೂರಿ ಕೈಯಲ್ಲೇ ಇತ್ತು. ಬೇರೆಯವರ ವಸ್ತು, ಆಡಿನ ವಶಕ್ಕೆ ಬಿಟ್ಟು ಬರುವಂತಿರಲಿಲ್ಲ.

ತುತ್ತೂರಿ ಹುಮನಾಬಾದದ ಸಿರಾಜುದ್ದೀನನದು. ಮದುವೆಗಳಿಗೆ ಬ್ಯಾಂಡು ಬಾರಿಸುವ ಸಿರಾಜುದ್ದೀನನೂ ಮಾಸ್ತರರೂ ಒಂದೇ ಓಣಿಯವರು. ಇಲಾಖೆಯವರು ಬಸವಕಲ್ಯಾಣದಲ್ಲಿ ಎರಡು ದಿನ ಶಿಕ್ಷಕರಿಗೆ ತರಬೇತಿ ಕೊಟ್ಟು, ತಂತಿ ವಾದ್ಯ, ಕಟ್ಟಿಗೆಯ ಊದುವ ವಾದ್ಯ, ಹಿತ್ತಾಳೆಯ ಊದುವ ವಾದ್ಯ, ಬಡಿಯುವ ವಾದ್ಯ ಎಂದು ನಾಲ್ಕು ಕುಟುಂಬಗಳ ಬಣ್ಣದ ಚಾರ್ಟು ಕೈಗಿತ್ತು, ಶನಿವಾರ ಸಣ್ಣ ಮಕ್ಕಳಿಗೆ ಈ ಪರಿಚಯ ಮಾಡಿಸಿ ಫೋಟೊ ವಾಟ್ಸ್ಯಾಪ್ ಗ್ರೂಪಿಗೆ ಹಾಕಬೇಕೆಂದು ಹೇಳಿ ಕಳಿಸಿದ್ದರು. ಚಾರ್ಟಿನಲ್ಲಿ ಆಳೆತ್ತರದ ಪಿಟೀಲು ಹಿಡಿದ ಕೋಟಿನ ಗಂಡಸರಿದ್ದರು. ಮಕ್ಕಳು ನಿಜವಾದದ್ದೊಂದನ್ನಾದರೂ ನೋಡಲಿ ಎಂದು ಮಾಸ್ತರರು ಎರಡು ದಿನ ಮುಂಚೆಯೇ ತುತ್ತೂರಿ ಕೇಳಿ ತಂದರು. ಅಂಗಡಿಯಲ್ಲಿ ಊದಿಸಿ ನೋಡಿದ ಸಿರಾಜುದ್ದೀನ್, "ಹೊಟ್ಟಿ ಮಸ್ತ್ ಅದ ಸರ್, ಗಾಳೀನೇ ಕಮ್ಮಿ," ಎಂದು ಎಚ್ಚರಿಸಿದ್ದ. ಅದನ್ನು ಮಾಸ್ತರರು ತಮಾಷೆ ಎಂದುಕೊಂಡಿದ್ದರು.

ಹೊರಗೆ ಮಕ್ಕಳೆಲ್ಲ ಕೂಗುತ್ತ ಓಡುತ್ತಿದ್ದರೆ ಜಿಜಾಬಾಯಿ ಮಾತ್ರ ದಾರಿಯ ನಡುವೆ ಕೋಲೂರಿ, ಕಣ್ಣು ಮುಚ್ಚಿ ನಿಂತಿದ್ದಳು. ಅರವತ್ತು ದಾಟಿದ ಜೀವ, ಕಚ್ಚೆ ಸೀರೆ, ತಲೆಗೆ ಸುತ್ತಿದ ಟವೆಲು.

"ಗದ್ಲ ಬಂದ್ ಮಾಡ್ರ್ಯೋ," ಎಂದಳು. ಮಕ್ಕಳು ನಿಂತರು. ಮಾಸ್ತರರೂ ನಿಂತರು.

"ನಾಕು ತೊಗರ್ಯಾಗ ಅದಾವ. ಗೌರಿ, ಗುಡಿ ಹಿಂದ ಅದ. ಕೆಂಚಿ, ಬಾವಿ ಕಡಿ ಹೊಂಟದ, ಜಲ್ದಿ ಹೋಗ್ರಿ. ಒಂದು ನಿಮ್ಮ ಸಾಲ್ಯಾಗ ಏನೋ ತಿನ್ನಾಕತ್ತದ."

ಕಾಲು ಗಂಟೆಯಲ್ಲಿ ಎಲ್ಲವೂ ಆಕೆ ಹೇಳಿದ ಜಾಗದಲ್ಲೇ ಸಿಕ್ಕವು. ಮಾಸ್ತರರು ತಪ್ಪಾಯಿತೆಂದು ಹೇಳಲು ಹೋದರು.

"ತಪ್ಪೇನ್ರಿ ಸರ್, ನಿಮ್ಮ ಕೆಲಸ ನೀವು ಮಾಡೀರಿ. ಮುಂದಿನ ಸಲ ಊದೂಕಿಂತ ಮೊದಲ ಒಂದು ಮಾತು ಹೇಳ್ರಿ, ನಾ ಕೆರಿ ದಾರಿಲಿಂದ ಹೋಗ್ತೀನಿ."

ಆಕೆಯ ಕಾಲ ಬಳಿ ಎರಡು ತಿಂಗಳ ಒಂದು ಮರಿ ನಿಂತಿತ್ತು. ಅದರ ಕೊರಳಲ್ಲಿ ಎತ್ತಿಗೆ ಕಟ್ಟುವಷ್ಟು ದೊಡ್ಡ ಗಂಟೆ. ಮರಿ ಎರಡು ಹೆಜ್ಜೆ ಇಟ್ಟರೆ ಗಂಟೆ ನೆಲಕ್ಕೆ ತಾಗುತ್ತಿತ್ತು. ಕಳೆದುಹೋದ ಮರ್ಯಾದೆಯನ್ನು ಒಂದು ನಗೆಚಾಟಿಕೆಯಿಂದ ತುಂಬಿಕೊಳ್ಳಲು ಮಾಸ್ತರರಿಗೆ ಅವಕಾಶ ಸಿಕ್ಕಿತು.

"ಏನ್ ಆಯಿ, ಮರಿಗೆ ಗಂಟಿ ಕಟ್ಟೀಯೋ, ಗಂಟಿಗೆ ಮರಿ ಕಟ್ಟೀಯೋ?"

"ಜರಾ ಜಲ್ದಿ ದೊಡ್ಡದಾಗ್ಲಿ ಅಂತ್ರಿ," ಎಂದು ಜಿಜಾಬಾಯಿ ಮುಖ ಬದಲಿಸದೆ ಹೇಳಿ ನಡೆದಳು. ನಗಬೇಕೋ ಬಿಡಬೇಕೋ ತಿಳಿಯದೆ ಮಾಸ್ತರರು ತುತ್ತೂರಿಯಲ್ಲಿ ಉಳಿದ ಉಗುಳನ್ನು ಜಾಡಿಸಿದರು.

ಸಂಜೆ ಊರಿಗೆ ಮರಳಲು ಹತ್ತಿದ್ದು ಮಹೇಶಕುಮಾರನ ಟಂಟಂ ಆಟೋ. ಮಹೇಶಕುಮಾರ ಜಿಜಾಬಾಯಿಯ ಮಗ. ಡ್ರೈವರನ ಪಕ್ಕದ ಅರ್ಧ ಸೀಟಿನಲ್ಲಿ ಮಾಸ್ತರರು ತೊಡೆಯ ಮೇಲೆ ತುತ್ತೂರಿ ಇಟ್ಟುಕೊಂಡು ಕುಳಿತರು.

"ನಮ್ಮವ್ವನ ಆಡು ಬೆದರ್ಸಿದವರು ನೀವೇ ಏನ್ರಿ ಸರ್?"

"ಸಂಗೀತ ಕಲಸಾಕತ್ತಿದ್ದೆ."

"ಯಾರಿಗ್ರಿ?"

ಮಾಸ್ತರರು ತುತ್ತೂರಿಯ ಬಾಯಿಯನ್ನು ಕೆಳಗೆ ತಿರುಗಿಸಿಟ್ಟುಕೊಂಡರು. ಮಹೇಶಕುಮಾರನೇ ಮುಂದುವರಿಸಿದ. "ಇನ್ನ ನೀವು ಫಿಕರ್ ಮಾಡಬ್ಯಾಡ್ರಿ. ಆಯಿತವಾರ ಆಡು ತೊಗೊಳ್ಳೋ ಫಿರೋಜ್ ಬರ್ತಾನ, ಅಷ್ಟೂ ಒಮ್ಮೆಗೇ ಒಯ್ತಾನ. ಹೋದ ದೀಪಾವಳಿಕ್ಕಿಂತ ಮೊದಲ ಮೂರು ಮರಿ ಹೋದವು ಸರ್. ಹಿಂದ ಉಳದು ಒದರ್ತಾವ, ಇಕಿ ಹೊಳ್ಳಿ ನೋಡಂಗಿಲ್ಲ. ನಾಯಿ ಬಿಡ್ತಾವೇನು? ಕಣ್ಣು ಹೋಗ್ಯಾವಂತ ಕಲ್ಯಾಣಕ್ಕ ಕರಕೊಂಡು ಹೋದೆ. ಆಕಿ ಕಣ್ಣು ಬರೋಬ್ಬರಿ ಅದಾವ ಅಂದ್ರು ಡಾಕ್ಟರ್. ಚಸ್ಮಾ ನನಗ ಬಂತು."

"ಆಡು ಮಾರ್ತೀನಂದ್ರ ಅವ್ವ ಏನಂದ್ಳು?"

"ಏನೂ ಅನ್ನಂಗಿಲ್ಲ. ಅದಾ ಅಂಜಿಕಿ," ಎಂದು ಮಹೇಶಕುಮಾರ ಹೊಸ ಚಸ್ಮಾ ಮೇಲೇರಿಸಿ ಗೇರು ಬದಲಿಸಿದ.

ಜಿಜಾಬಾಯಿಯ ತವರು ಕೊಡಂಬಲ. ತಂದೆಗೂ ಆಡುಗಳಿದ್ದವು, ಗಂಡ ಏಕನಾಥನಿಗೂ ಇದ್ದವು. ಏಕನಾಥ ತೀರಿಕೊಂಡು ಹನ್ನೊಂದು ವರ್ಷವಾದರೂ ಆಕೆ ಹಿಂಡನ್ನು ಬಿಟ್ಟು ಒಂದು ದಿನ ಮನೆಯಲ್ಲಿ ಕುಳಿತವಳಲ್ಲ. ಮಾಣಿಕನಗರದಲ್ಲಿ ಗಂಟೆ ಮಾರುವ ತುಳಜಾರಾಮನಿಗೆ ಆಕೆ ಬಂದಳೆಂದರೆ ಅರ್ಧ ದಿನದ ವ್ಯಾಪಾರ ಹೋಯಿತೆಂದೇ ಲೆಕ್ಕವಂತೆ. ಗಂಟೆಯನ್ನು ಕೈಯಲ್ಲಿ ಹಿಡಿದು, ಹೊಳಪು ನೋಡಿ ಕೊಳ್ಳುವುದು ಆಕೆಯ ಪದ್ಧತಿಯಲ್ಲ. ಅಂಗಡಿಯ ಗೋಡೆಗೆ ಮುಖ ಮಾಡಿ ನಿಲ್ಲುವಳು. ತುಳಜಾರಾಮ ಹಿಂದಿನಿಂದ ಒಂದೊಂದೇ ಬಾರಿಸಬೇಕು. "ಇದು ಗೌರಿ ಹಂಗ ಅದ, ಬ್ಯಾಡ. ಇದು ಪಕ್ಕದ ಮನಿಯವರ ಹೋತಿಂದು, ಬ್ಯಾಡ. ಹಾಂ, ಇದು ಯಾರ ಕಡೀನೂ ಇಲ್ಲ." ಒಂದು ಆಡಿಗೆ ಒಂದು ದನಿ, ಎರಡು ಆಡುಗಳು ಒಂದೇ ದನಿಯಲ್ಲಿ ನಡೆಯಬಾರದು. ಇಷ್ಟೇ ಆಕೆಯ ಶಾಸ್ತ್ರ. ಎರಡು ದಿನದ ತರಬೇತಿಯಲ್ಲಿ ಮಾಸ್ತರರಿಗೆ ತಲೆಗೆ ಹೋಗದ ವಿಷಯವೂ ಇದೇ ಆಗಿತ್ತು, ಒಂದು ದನಿ ಇನ್ನೊಂದರಿಂದ ಬೇರೆಯಾಗುವುದು ಹೇಗೆ ಎಂಬುದು.

ಆದ್ದರಿಂದ ಶುಕ್ರವಾರ ಅವರು ಜಿಜಾಬಾಯಿಯ ಮನೆಗೆ ಹೋಗಿ, ನಾಳೆ ಗಂಟೆಗಳನ್ನು ತಂದು ನೀನೇ ಮಕ್ಕಳಿಗೆ ತೋರಿಸಬೇಕು ಎಂದು ಕೇಳಿಕೊಂಡರು.

"ಸಾಲಿ ಮೆಟ್ಲಾ ಹತ್ತಿಲ್ಲ ನಾ."

"ನಾ ಹತ್ತಿದ್ದು ನೋಡೀಯಲ್ಲ ಆಯಿ, ಏನು ಉಪಯೋಗ ಆತು?"

ಆ ಮಾತು ಆಕೆಗೆ ಒಪ್ಪಿಗೆಯಾಯಿತು.

ಶನಿವಾರ ಬೆಳಿಗ್ಗೆ ಗೊಬ್ಬರದ ಚೀಲದಲ್ಲಿ ಮೂವತ್ತರಷ್ಟು ಗಂಟೆ ಬಂದವು. ಎಲ್ಲವೂ ಸಣ್ಣವು, ಅಡಿಕೆಯಷ್ಟು, ನಿಂಬೆಯಷ್ಟು. "ಇವು ನನಗ ಈಗ ಬ್ಯಾಡಾಗ್ಯಾವ. ಸಾಲಿಗೇ ಇರ್ಲಿ," ಎಂದಳು. ದೊಡ್ಡವನ್ನು ಮಾತ್ರ ಆಡುಗಳ ಕೊರಳಿಂದ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಇಷ್ಟು ಚೆಂದದ ಸಣ್ಣ ಗಂಟೆಗಳು ಯಾಕೆ ಬೇಡವಾದವು ಎಂದು ಮಾಸ್ತರರ ಮನಸ್ಸಿಗೆ ಬಂತು. ಆದರೆ ಫೋಟೊಗೆ ಚಾರ್ಟನ್ನು ಎಲ್ಲಿ ತೂಗುಹಾಕಬೇಕೆಂಬ ಚಿಂತೆಯಲ್ಲಿ ಆ ಪ್ರಶ್ನೆ ಹಾಗೇ ಉಳಿಯಿತು.

ಜಿಜಾಬಾಯಿ ಪೀಠಿಕೆ ಹಾಕಲಿಲ್ಲ. ಒಂದು ಗಂಟೆ ಬಾರಿಸಿ ಮೊದಲ ಸಾಲಿನ ಮಗುವಿನ ಬೆರಳನ್ನು ಅದರ ಅಂಚಿಗೆ ಮುಟ್ಟಿಸಿದಳು.

"ಏನಾಗಾಕತ್ತದ?"

"ನಡಗಾಕತ್ತದ."

"ಈಗ ಗಟ್ಟಿ ಹಿಡಿ."

"ಆವಾಜ ಹೋತು."

"ಹಾಂ. ನಡುಗೂದು ಮುಗೀತು, ಆವಾಜನೂ ಮುಗೀತು. ದೊಡ್ಡದು ಸಾವಕಾಶ ನಡುಗ್ತದ, ದಪ್ಪ ಆವಾಜ. ಸಣ್ಣದು ಜಲ್ದಿ ಜಲ್ದಿ ನಡುಗ್ತದ, ಸಣ್ಣ ಆವಾಜ."

ಆಮೇಲೆ ಒಂದೇ ಅಳತೆಯ ಮೂರು ಗಂಟೆ ತೆಗೆದಳು: ಕಂಚಿನದು, ಕಬ್ಬಿಣದ್ದು, ಕಟ್ಟಿಗೆಯದು. ಮೂರನ್ನೂ ಬಾರಿಸಿ, "ಮೂರೂ ದಪ್ಪ ಆವಾಜನೇ. ಆದ್ರ ಒಂದರ ಹಂಗ ಒಂದು ಅದ ಏನು? ನಿಮ್ಮವ್ವ 'ಬಾ' ಅಂದ್ರೂ ಮಾತು ಒಂದೇ, ನಿಮ್ಮ ಸರ್ 'ಬಾ' ಅಂದ್ರೂ ಒಂದೇ. ನೋಡಲಾರದ ಹ್ಯಾಂಗ ಗೊತ್ತಾಗ್ತದ? ಗಂಟಲು ಬ್ಯಾರೆ," ಎಂದಳು.

ಮಾಸ್ತರರು ಹಿಂದೆ ನಿಂತು ಬರೆದುಕೊಂಡರು. ಆಕೆ ಚಾರ್ಟಿನ ಹತ್ತಿರ ಹೋಗಿ ಪಿಟೀಲಿನ ಮೇಲೆ ಬೆರಳಿಟ್ಟು "ಇದರಾಗ ಏನು ನಡುಗ್ತದ್ರಿ?" ಎಂದಳು. ತಂತಿ ಎಂದರು. ಡೋಲಿನಲ್ಲಿ? ತೊಗಲು. ಕೊಳಲಿನಲ್ಲಿ? ಒಳಗಿನ ಗಾಳಿ. ತುತ್ತೂರಿಯಲ್ಲಿ?

"ಊದುವವರ ತುಟಿ," ಎಂದರು ಮಾಸ್ತರರು.

ಜಿಜಾಬಾಯಿ ಅವರ ತುಟಿಯನ್ನು ಸ್ವಲ್ಪ ಹೊತ್ತು ನೋಡಿದಳು. ನಾಲ್ಕು ಕುಟುಂಬಗಳೆಂದರೆ ನಡುಗುವ ನಾಲ್ಕು ಬಗೆಗಳು ಎಂಬುದು ಐವತ್ತೊಂದು ವರ್ಷದ ಮಾಸ್ತರರಿಗೆ ಮೂರನೇ ಇಯತ್ತೆಯ ಮಕ್ಕಳ ಜೊತೆಗೇ ತಿಳಿಯಿತು. ಒಂದಿಬ್ಬರಿಗಿಂತ ತುಸು ತಡವಾಗಿ.

ಕಡೆಗೆ ಆಟ. ಎಲ್ಲರೂ ಗೋಡೆಗೆ ಮುಖ ಮಾಡಬೇಕು. ಹಿಂದೆ ಒಬ್ಬರು ಗಂಟೆ ಬಾರಿಸಬೇಕು. ಕೇಳಿದವರು ಕೈಯೆತ್ತಿ ದಪ್ಪವೋ ಸಣ್ಣವೋ ಹೇಳಬೇಕು. ಅಜ್ಜಿಯೂ ಆಡಬೇಕೆಂದು ಮಕ್ಕಳು ಹಟ ಹಿಡಿದರು. ಬಾರಿಸುವ ಕೆಲಸ ಎರಡನೇ ಇಯತ್ತೆಯ ಉಜ್ವಲಾಳಿಗೆ ಬಂತು. ಮಧ್ಯಾಹ್ನ ಮಾಸ್ತರರನ್ನು ಕರೆದೊಯ್ಯಲು ಬಂದ ಮಹೇಶಕುಮಾರ ಆಗಲೇ ಕಿಟಕಿಯ ಹೊರಗೆ ನಿಂತಿದ್ದ.

ದೊಡ್ಡ ಗಂಟೆಗಳಿಗೆಲ್ಲ ಜಿಜಾಬಾಯಿಯ ಕೈ ಎಲ್ಲರಿಗಿಂತ ಮೊದಲು ಮೇಲೇರಿತು. ಉಜ್ವಲಾ ಚೀಲದಿಂದ ಅಡಿಕೆಯಷ್ಟು ಸಣ್ಣ ಗಂಟೆ ತೆಗೆದು ಬಾರಿಸಿದಳು. ಹದಿನೆಂಟು ಕೈಗಳು ಎದ್ದವು. ಜಿಜಾಬಾಯಿಯ ಕೈ ಏಳಲಿಲ್ಲ. ಉಜ್ವಲಾ ಹತ್ತಿರ ಹೋಗಿ ಆಕೆಯ ಕಿವಿಯ ಬಳಿಯೇ ಬಾರಿಸಿದಳು. ಜಿಜಾಬಾಯಿ ಸಮಾಧಾನದಿಂದ ಗೋಡೆ ನೋಡುತ್ತ, ಮುಂದಿನ ಗಂಟೆಗಾಗಿ ಕಾಯುತ್ತ ನಿಂತಿದ್ದಳು.

ಮಕ್ಕಳು ಒಬ್ಬೊಬ್ಬರೇ ಹೊರಳಿ ನೋಡಿದರು. ಯಾರೂ ನಗಲಿಲ್ಲ. ಮಾಸ್ತರರಿಗೆ ಗುರುವಾರದ ಮರಿ ನೆನಪಾಯಿತು, ನೆಲಕ್ಕೆ ತಾಗುವ ಆ ಗಂಟೆ, ಅದರ ಮೇಲೆ ತಾವು ಮಾಡಿದ ನಗೆಚಾಟಿಕೆ. ತುತ್ತೂರಿ ಊದುವಾಗಲೂ ಅವರ ಮುಖ ಅಷ್ಟು ಕೆಂಪಾಗಿರಲಿಲ್ಲ.

ಬಹಳ ಹೊತ್ತು ಏನೂ ಕೇಳದಿದ್ದಾಗ ಜಿಜಾಬಾಯಿ ತಿರುಗಿದಳು. ಎತ್ತಿದ ಕೈಗಳನ್ನು ಕಂಡಳು, ಉಜ್ವಲಾಳ ಬೆರಳಲ್ಲಿದ್ದ ಗಂಟೆ ಕಂಡಳು, ಕಿಟಕಿಯಲ್ಲಿ ಮಗನನ್ನು ಕಂಡಳು.

"ಬಾರ್ಸಿದ್ದಿ ಏನವ್ವ?"

ಉಜ್ವಲಾ ಹೌದೆಂದು ತಲೆಯಾಡಿಸಿದಳು.

ಮಹೇಶಕುಮಾರ ಒಳಗೆ ಬಂದ. "ಎಷ್ಟು ದಿವಸ ಆತು?"

"ಎರಡು ವರ್ಷ. ಮೊದಲ ಗುಬ್ಬಿ ಆವಾಜ ಹೋತು. ಆಮ್ಯಾಲ ಸಣ್ಣ ಗಂಟಿ, ಆಮ್ಯಾಲ ಮರಿ ಒದರೂದು. ಮೂರನೇ ಮರಿ ಹೋದಾಗ ತಿಳೀತು, ತಪ್ಪು ಮರೀದಲ್ಲ ಅಂತ. ಅವತ್ತಾ ಸಣ್ಣ ಗಂಟಿ ಎಲ್ಲಾ ಬಿಚ್ಚಿದೆ. ಈಗ ಮರಿಗೂ ದಪ್ಪ ಆವಾಜಾ. ಕಂಚು, ಕಬ್ಬಿಣ, ಕಟ್ಟಿಗಿ, ಗಂಟಲ ಮ್ಯಾಲ ಗುರ್ತು ಹಿಡೀತೀನಿ. ದೀಪಾವಳಿಲಿಂದ ಒಂದಾದ್ರೂ ಹೋಗ್ಯಾದೇನು?"

ಮಹೇಶಕುಮಾರ ಯೋಚಿಸಿದ. ಒಂದೂ ಹೋಗಿರಲಿಲ್ಲ. ತಾನು ಗದರಿಸಿದ್ದರ ಫಲ ಅದು ಎಂದು ಇಷ್ಟು ದಿನ ನಂಬಿದ್ದ.

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಅವತ್ತಾ ಮಾರ್ತಿದ್ದಿ."

ಮಗ "ಹೊಳ್ಳು," ಎಂದ. ಜಿಜಾಬಾಯಿ ಮತ್ತೆ ಗೋಡೆಗೆ ಮುಖ ಮಾಡಿದಳು. ಅವನು ಸೆರಗಿನ ಗಂಟೆಗಳಲ್ಲಿ ಒಂದನ್ನು ಎತ್ತಿ ಬಾರಿಸಿದ.

"ಗೌರಿ."

ಇನ್ನೊಂದು.

"ಕೆಂಚಿ."

ಕಟ್ಟಿಗೆಯದು.

"ಸಣ್ಣ ಮರಿ, ಬಿಳೇದು."

ಮಹೇಶಕುಮಾರ ಸದ್ದಿಲ್ಲದೆ ಜೇಬಿನಿಂದ ನಟ್ಟು ಬಿಗಿಯುವ ಪಾನಾ ತೆಗೆದು ಅದರಿಂದ ಕಿಟಕಿಯ ಸರಳನ್ನು ಬಡಿದ.

"ಅದು ನಿನ್ನ ಟಂಟಂ ಪಾನಾ. ಹುಚ್ಚರಂಗ ಮಾಡಬ್ಯಾಡ, ಹುಡುಗ್ರು ನೋಡಾಕತ್ಯಾವ."

ಅವನು ಚಸ್ಮಾ ತೆಗೆದು ಒರೆಸಿದ. ಒರೆಸುವಂಥ ಧೂಳೇನೂ ಇರಲಿಲ್ಲ. ಬಾಗಿಲ ಹೊರಗೆ ಹೋಗಿ ಫೋನು ಮಾಡಿದ, "ಫಿರೋಜ್ ಭಾಯಿ, ನಾಳಿಗಿ ಬರಬ್ಯಾಡ್ರಿ. ಇಲ್ಲ, ಮುಂದಿನ ವಾರಾನೂ ಬ್ಯಾಡ," ಎಂದದ್ದು ಒಳಗಿನವರಿಗೆಲ್ಲ ಕೇಳಿಸಿತು. ಜಿಜಾಬಾಯಿಗೂ ಕೇಳಿಸಿರಬೇಕು. ಅವನದು ದಪ್ಪ ದನಿ. ಆಕೆ ಕುಳಿತು ದೊಡ್ಡ ಗಂಟೆಗಳನ್ನು ಒಂದೊಂದಾಗಿ ಸೆರಗಿಗೆ ಕಟ್ಟಿಕೊಳ್ಳತೊಡಗಿದಳು. ಹಿಂಡು ಹೊಡೆದುಕೊಂಡು ಹೋಗಲು ಹೊತ್ತಾಗಿತ್ತು. ಆಡುಗಳು ಬರಿಗೊರಳಲ್ಲಿ ಕಾಯುತ್ತಿದ್ದವು.

ಒಳಗೆ ಬಂದ ಮಹೇಶಕುಮಾರ, ಹುಮನಾಬಾದದಲ್ಲಿ ಕಿವಿಯ ಡಾಕ್ಟರಿದ್ದಾರೆ, ಕಿವಿಗೆ ಹಾಕುವ ಮಷೀನು ಸಿಗುತ್ತದೆ, ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಜಿಜಾಬಾಯಿ ಇನ್ನೊಂದು ಗಂಟೆಯನ್ನು ಸೆರಗಿಗೆ ಹಾಕಿಕೊಂಡಳು. ತಾಯಿ ಮಗನ ನಡುವೆ ತಾವೂ ಒಂದು ಒಳ್ಳೆಯ ಮಾತು ಆಡಬೇಕೆಂದು ಮಾಸ್ತರರಿಗೆ ಅನ್ನಿಸಿತು. ಅವರು ಮೇಜಿನ ಮೇಲಿದ್ದ ತುತ್ತೂರಿಯನ್ನು ಪಕ್ಕಕ್ಕೆ ಸರಿಸಿ ಮುಂದೆ ಬಾಗಿದರು.

"ಆಯಿ, ಮಷೀನ್ ಯಾವಾಗ ಹಾಕ್ಸಿಕೋತಿ?"

ಜಿಜಾಬಾಯಿ ತುತ್ತೂರಿ ನೋಡಿದಳು, ಮಾಸ್ತರರನ್ನು ನೋಡಿದಳು, ಸೆರಗಿನ ಗಂಟು ಬಿಗಿದಳು.

"ನೀವು ಅದನ್ನ ಊದೂದು ಕಲ್ತ ಮ್ಯಾಲ್ರಿ ಸರ್."